ನಾಮಿನೇಷನ್ ಬಂತು ಅಂತ ಮೈಸೂರು ಪಾಕ್ ಹಂಚಬೇಡಿ

ನಾನು ಹಂಚಿದ್ದೆ. ಮಗನಿಗೆ ವೆಸ್ಟ್ ಪಾಯಿಂಟ್‌ಗೆ, ಅಂದರೆ ಇಲ್ಲಿ ಅಮೆರಿಕದ ಸೈನ್ಯಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಗೆ, ನಾಮಿನೇಷನ್ ಬಂದ ವಾರವೇ, ಕನ್ನಡ ಸಂಘದವರಿಗೆಲ್ಲ. ಏಪ್ರಿಲ್‌ನಲ್ಲಿ 'ಇಲ್ಲ' ಅಂತ ಪತ್ರ ಬಂತು. ಆ ವರ್ಷ ಸಂಘದ ಯುಗಾದಿಗೆ ಹೋಗಲು ಮುಖವೇ ಇರಲಿಲ್ಲ.

ತಪ್ಪು ನನ್ನದೇ. ಊರಲ್ಲಿ ಎಂಎಲ್‌ಎ ಲೆಟರ್ ತಂದರೆ ಅರ್ಧ ಕೆಲಸ ಆದ ಹಾಗೆ ಅಲ್ವಾ? ಇಲ್ಲೂ ಅದೇ ಲೆಕ್ಕ ಹಾಕಿದೆ. ನಾಮಿನೇಷನ್‌ಗಾಗಿ ನಮ್ಮ ಕ್ಷೇತ್ರದ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸದಸ್ಯರಿಗೆ ಮಾತ್ರ ಅರ್ಜಿ ಹಾಕಿಸಿದೆ. "ಸೆನೆಟರ್‌ಗಳಿಗೂ ಹಾಕ್ತೀನಿ ಅಪ್ಪಾ" ಅಂದ ಮಗ. "ಒಬ್ಬರು ಮಾತು ಕೊಟ್ಟ ಮೇಲೆ ಇನ್ನೊಬ್ಬರ ಬಾಗಿಲಿಗೆ ಹೋಗೋದು ಮರ್ಯಾದೆಯಲ್ಲ" ಅಂದೆ. ಏನು ಮರ್ಯಾದೆಯೋ!

ನಾಮಿನೇಷನ್ ಅಂದರೆ ಸೀಟಲ್ಲ, ಪಟ್ಟಿಯಲ್ಲಿ ಒಂದು ಹೆಸರು ಅಷ್ಟೇ. ಒಬ್ಬ ಸದಸ್ಯರ ಲೆಕ್ಕದಲ್ಲಿ ಒಂದು ಅಕಾಡೆಮಿಯಲ್ಲಿ ಒಮ್ಮೆಗೆ 5 ಜನ ಮಾತ್ರ ಇರಬಹುದು. ಹಾಗಾಗಿ ವರ್ಷಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಜಾಗ ಖಾಲಿ. ಅದಕ್ಕೆ ಹಲವು ಹೆಸರು. ನಮ್ಮ ಪಟ್ಟಿಯಲ್ಲಿ ಇವನಿಗಿಂತ ಗಟ್ಟಿಗಿತ್ತಿ ಒಬ್ಬಳಿದ್ದಳು.

ಮೂರು ನಾಮಿನೇಷನ್ ಬಂದರೂ ಅಂಕ ಏನೂ ಏರುವುದಿಲ್ಲ. ಓದು, ಓಟ, ಪುಷ್‌ಅಪ್ ಎಲ್ಲ ಇದ್ದಷ್ಟೇ. ಆದರೆ ಒಂದು ಪಟ್ಟಿಯಲ್ಲಿ ಎರಡನೆಯವನಾದವನು ಇನ್ನೊಂದರಲ್ಲಿ ಮೊದಲನೆಯವನಾಗಬಹುದು. ಅದಕ್ಕೇ ಕ್ಷೇತ್ರದ ಸದಸ್ಯರು, ರಾಜ್ಯದ ಇಬ್ಬರು ಸೆನೆಟರ್‌ಗಳು, ದೇಶದ ಉಪಾಧ್ಯಕ್ಷರು, ನಾಲ್ಕೂ ಕಡೆ ಹಾಕಿ. ಕೆಲವು ಕಡೆ ಈ ಕಚೇರಿಗಳು ತಮ್ಮಲ್ಲೇ ಮಾತಾಡಿಕೊಂಡು ಒಬ್ಬರಿಗೆ ಒಂದೇ ಕೊಡುತ್ತವೆ. ಆದರೂ ಹಾಕಿ.

ಉಳಿದದ್ದು: ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. 17 ತುಂಬಿರಬೇಕು, ಮದುವೆ ಆಗಿರಬಾರದು. ಅರ್ಜಿಯ ಕೊನೆಯ ದಿನ ಒಂದೊಂದು ಕಚೇರಿಗೆ ಒಂದೊಂದು. ಕೋಸ್ಟ್ ಗಾರ್ಡ್ ಅಕಾಡೆಮಿಗೆ ನಾಮಿನೇಷನ್ನೇ ಬೇಡ.

ಮರುವರ್ಷ ಮಗ ನಾಲ್ಕೂ ಕಡೆ ಹಾಕಿದ. ಒಬ್ಬ ಸೆನೆಟರ್ ಪಟ್ಟಿಯಿಂದ ಸೀಟು ಸಿಕ್ಕಿತು. ಈ ಸಲ ನಾನು ಸುಮ್ನೆ ಊರಿಗೊಂದು ಫೋನ್ ಮಾಡಿದೆ. "ನಮ್ಮ ಕಾರ್ಯಪ್ಪನೋರ ಥರ ಆಗ್ತಾನಾ?" ಅಂದರು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಯಾವ ದೇಶದ ಸೈನ್ಯ ಅಂದೆ?" ಅಂತ ಕೇಳಿದರು.

ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು. ವಿದೇಶಿ ಸೈನ್ಯದಲ್ಲಿ ಇರುವವರಿಗೆ, ನಿವೃತ್ತರಾದವರಿಗೂ, ಭಾರತ ಒಸಿಐ ಕಾರ್ಡ್ (ಭಾರತೀಯ ಮೂಲದವರು ವೀಸಾ ಇಲ್ಲದೆ ಬಂದು ಹೋಗುವ ಕಾರ್ಡ್) ಕೊಡುವುದಿಲ್ಲ. ಮಗನಿಗೆ ನಾವು ಸಣ್ಣವನಿದ್ದಾಗ ಮಾಡಿಸಿರಲಿಲ್ಲ, ಸೋಮಾರಿತನ. ಇನ್ನು ಅಜ್ಜಿ ಮನೆಗೆ ಹೋಗಬೇಕಾದರೆ ವೀಸಾ ಕೇಳಬೇಕು. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.