ಲ್ಯಾಂಗ್ಮ್ಯೂರ್ ಪ್ರೋಬಿನ ಎರಡು ಗೆರೆಗಳು ಒಂದಾದ ಬಗೆ

ಮೈಸೂರಿನ ನಮ್ಮ ಪ್ರಯೋಗಾಲಯದ ನಿರ್ವಾತ ಕೋಣೆಯಲ್ಲಿ, 10 ಸೆಂ.ಮೀ. ಘನಾಕಾರದ ಪುಟ್ಟ ಉಪಗ್ರಹಕ್ಕೆಂದು ಸಿದ್ಧಪಡಿಸಿದ ಲ್ಯಾಂಗ್ಮ್ಯೂರ್ ಪ್ರೋಬನ್ನು (ಪ್ಲಾಸ್ಮಾದಲ್ಲಿ, ಅಂದರೆ ಆವೇಶಗೊಂಡ ಅನಿಲದಲ್ಲಿ, ವೋಲ್ಟೇಜ್ ಕೊಟ್ಟಾಗ ಹರಿಯುವ ಪ್ರವಾಹದಿಂದ ಎಲೆಕ್ಟ್ರಾನುಗಳ ತಾಪಮಾನ ಅಳೆಯುವ ಲೋಹದ ಸಾಧನ) ಪರೀಕ್ಷಿಸುವಾಗ, ವೋಲ್ಟೇಜ್ ಏರಿಸುತ್ತ ಪಡೆದ ವಿದ್ಯುತ್ ಪ್ರವಾಹದ ಗೆರೆಯೂ ಇಳಿಸುತ್ತ ಪಡೆದ ಗೆರೆಯೂ ಒಂದರ ಮೇಲೊಂದು ಕೂರುತ್ತಿರಲಿಲ್ಲ. ನಡುವೆ ವೀಳ್ಯದೆಲೆಯಂತಹ ತೆರಪು ಉಳಿದು, ಎಲೆಕ್ಟ್ರಾನ್ ತಾಪಮಾನ ನಿಜಕ್ಕಿಂತ ಹೆಚ್ಚಾಗಿ ಬರುತ್ತಿತ್ತು.

ಕೇಬಲ್ಲಿನ ಶೀಲ್ಡ್ ಬದಲಿಸಿದ್ದು, ಆಂಪ್ಲಿಫೈಯರಿನ ಗೇನ್ ತಗ್ಗಿಸಿದ್ದು, ನೂರು ಅಳತೆಗಳ ಸರಾಸರಿ ತೆಗೆದದ್ದು ಯಾವುದೂ ಫಲಿಸಲಿಲ್ಲ. ಪ್ರೋಬನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ದಿನ ತೆರಪು ತುಸು ಕಿರಿದಾಯಿತು. ಮುಂಗಾರಿನ ತೇವದ ಗಾಳಿ ತಾಗಿ ಮರುದಿನ ಮೊದಲಿನಂತಾಯಿತು. ಸುಳಿವು ಸಿಕ್ಕಿದ್ದು ಇಲ್ಲಿಯೇ. ಲೋಹಕ್ಕೆ ಅಂಟಿದ ನೀರಿನ ಅಣುಗಳ ಪದರವು ಕೆಪಾಸಿಟರಿನಂತೆ ವರ್ತಿಸಿ, ನಿಧಾನದ ಏರಿಳಿತದಲ್ಲಿ ಆವೇಶ ತುಂಬಿಕೊಂಡು, ನಾವು ಕೊಟ್ಟ ವೋಲ್ಟೇಜಿನ ಒಂದು ಪಾಲನ್ನು ತಾನೇ ಹಿಡಿದಿಟ್ಟುಕೊಳ್ಳುತ್ತಿತ್ತು.

ಫಲಿಸಿದ ಕ್ರಮ ಹೀಗಿದೆ. ಮೊದಲು ಕೋಣೆಯನ್ನು ನಿರ್ವಾತಗೊಳಿಸಿ, ಪ್ರೋಬಿನೊಳಗಿನ ಹೀಟರಿನಿಂದ ಅದನ್ನು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 4 ಗಂಟೆ ಕಾಯಿಸಬೇಕು. ಆರಿದ ಮೇಲೆ, ಕೋಣೆಯನ್ನು ತೆರೆಯದೆಯೇ, ಪ್ಲಾಸ್ಮಾ ಹೊತ್ತಿಸುವ ಮುನ್ನ ಒಂದು ಸುತ್ತು ಅಳೆದು, ಕೇಬಲ್ಲಿನ ಕೆಪಾಸಿಟೆನ್ಸಿನಿಂದಷ್ಟೇ ಹರಿಯುವ ಪ್ರವಾಹವನ್ನು ದಾಖಲಿಸಿಕೊಳ್ಳಬೇಕು. ಬಳಿಕ ಪ್ಲಾಸ್ಮಾದಲ್ಲಿ ಮೈನಸ್ 5ರಿಂದ ಪ್ಲಸ್ 5 ವೋಲ್ಟಿನವರೆಗಿನ ಏರಿಕೆಯನ್ನು, ನಾವು ಮೊದಲು ಇಟ್ಟಿದ್ದ 2 ಸೆಕೆಂಡಿನ ಬದಲು 20 ಮಿಲಿಸೆಕೆಂಡಿನಲ್ಲಿ ಮುಗಿಸಿ, ಬಂದ ಪ್ರವಾಹದಿಂದ ಮೊದಲು ದಾಖಲಿಸಿದ ಪ್ರವಾಹವನ್ನು ಕಳೆಯಬೇಕು. ಇದರಿಂದ ಎರಡೂ ಗೆರೆಗಳು ಕೂಡಿದವು. ನಡುವೆ ಒಮ್ಮೆ ಗಾಳಿ ಬಿಟ್ಟರೂ ಕಾಯಿಸುವುದರಿಂದಲೇ ಮತ್ತೆ ಆರಂಭಿಸಬೇಕು.

ಕೋಣೆಯಲ್ಲಿ ಉಪಗ್ರಹದ ಚೌಕಟ್ಟು ಅರ್ಥಿಂಗ್‌ಗೆ ಸೇರಿರುವುದರಿಂದ ಇನ್ನೊಂದು ತೊಡಕು ಕಾಣುವುದಿಲ್ಲ: ಕಕ್ಷೆಯಲ್ಲಿ ಕೇವಲ 600 ಚದರ ಸೆಂ.ಮೀ. ಮೈಯುಳ್ಳ ಉಪಗ್ರಹ, ಪ್ರೋಬ್ ಎಲೆಕ್ಟ್ರಾನುಗಳನ್ನು ಸೆಳೆದಾಗ ತಾನೇ ಋಣ ವೋಲ್ಟೇಜಿನತ್ತ ಜಾರಬಲ್ಲದು. ಆ ಜಾರುವಿಕೆಯನ್ನು ಅಳೆಯಲು, ಪ್ರವಾಹ ಸೆಳೆಯದ ಎರಡನೆಯ ಪ್ರೋಬನ್ನು ಈಗಲೇ ವಿನ್ಯಾಸದಲ್ಲಿ ಸೇರಿಸಿಕೊಳ್ಳಿ.