ಹೊಳೆದದ್ದು ಕೈಜಾರದಂತೆ: ದಿನಕ್ಕೆ ಹದಿನೈದು ನಿಮಿಷದ ಅಭ್ಯಾಸ

ಸ್ನಾನ ಮಾಡುವಾಗ, ಬಟ್ಟೆ ಮಡಿಸುವಾಗ, ಇನ್ನೇನು ನಿದ್ದೆ ಹತ್ತಬೇಕು ಅನ್ನುವಾಗ ಎಲ್ಲರಿಗೂ ಏನಾದರೊಂದು ಹೊಳೆಯುತ್ತದೆ. ಬೆಳಗಾಗುವಷ್ಟರಲ್ಲಿ ಅದು ಮರೆತುಹೋಗಿರುತ್ತದೆ. ‘ನನಗೆ ಕ್ರಿಯೇಟಿವಿಟಿ ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಇಷ್ಟೇ: ಹೊಳೆದದ್ದನ್ನು ಬರೆದಿಡುವುದಿಲ್ಲ, ಬರೆದದ್ದನ್ನು ತಿರುಗಿ ನೋಡುವುದಿಲ್ಲ. ಹಾಗಾಗಿ ಇಲ್ಲಿರುವುದು ಮೂರೇ ಕೆಲಸ. ಕಂಡದ್ದನ್ನು ಆಗಲೇ ಗೀಚಿಕೊಳ್ಳುವುದು, ದಿನಕ್ಕೊಂದು ಪ್ರಶ್ನೆಗೆ ಹತ್ತು ಉತ್ತರ ಬರೆಯುವುದು, ವಾರಕ್ಕೊಮ್ಮೆ ಕೂತು ಓದುವುದು. ಮೂರನೆಯದನ್ನು ಬಿಟ್ಟರೆ ಮೊದಲೆರಡೂ ದಂಡ.

ನೋಟ್‌ಬುಕ್

ಜೇಬಿನಲ್ಲಿ ಹಿಡಿಸುವ, ತೀರಾ ಸಾಧಾರಣವಾದ ಪುಸ್ತಕ ತೆಗೆದುಕೊಳ್ಳಿ. ಚೆಂದದ ರಟ್ಟಿನ ದುಬಾರಿ ಪುಸ್ತಕ ಬೇಡ; ಅದನ್ನು ಹಾಳುಮಾಡಬಾರದೆಂಬ ಭಯಕ್ಕೆ ‘ಒಳ್ಳೆಯ’ ವಿಚಾರಗಳನ್ನೇ ಕಾಯುತ್ತ ಕೂರುತ್ತೀರಿ. ಪೆನ್ನು ಪುಸ್ತಕಕ್ಕೇ ಸಿಕ್ಕಿಸಿರಲಿ. ಮೊಬೈಲ್‌ನಲ್ಲೂ ಬರೆಯಬಹುದು, ಆದರೆ ಅದನ್ನು ತೆರೆದ ಕೂಡಲೇ ಬಂದಿರುವ ಮೆಸೇಜು ಕಣ್ಣಿಗೆ ಬಿದ್ದು, ಬರೆಯಹೊರಟದ್ದು ತಲೆಯಿಂದ ಹಾರಿಹೋಗುತ್ತದೆ. ದನಿ ರೆಕಾರ್ಡ್ ಮಾಡಿಟ್ಟುಕೊಳ್ಳುವವರು ಅದನ್ನು ಮತ್ತೆ ಕೇಳುವುದು ಅಪರೂಪ.

ಏನು ಬರೆಯಬೇಕು? ಅಚ್ಚರಿ ಹುಟ್ಟಿಸಿದ್ದು, ಕಿರಿಕಿರಿ ಮಾಡಿದ್ದು, ‘ಇದು ಯಾಕೆ ಹೀಗೆ’ ಅನ್ನಿಸಿದ್ದು. ದಿನಕ್ಕೆ ಮೂರು ಸಾಕು. ಒಂದೊಂದೂ ಪೂರ್ತಿ ವಾಕ್ಯವಾಗಿರಲಿ. ‘ಲಿಫ್ಟ್ ಗುಂಡಿ – ಯೋಚಿಸಬೇಕು’ ಎಂದು ಬರೆದಿಟ್ಟರೆ ಶನಿವಾರದ ಹೊತ್ತಿಗೆ ಅದು ಸತ್ತ ಅಕ್ಷರ. ‘ಲಿಫ್ಟಿನ ಗುಂಡಿಯನ್ನು ಎಲ್ಲರೂ ಎರಡೆರಡು ಸಲ ಒತ್ತುತ್ತಾರೆ, ಒಂದು ಸಲ ಒತ್ತಿದ್ದು ಸಾಕು ಎಂದು ಗುಂಡಿ ಯಾವ ರೀತಿಯಲ್ಲೂ ತಿಳಿಸುವುದಿಲ್ಲ’ ಎಂದು ಬರೆದರೆ ತಿಂಗಳಾದ ಮೇಲೂ ಅದರಿಂದ ಕೆಲಸ ತೆಗೆಯಬಹುದು. ಎರಡನೆಯದರಲ್ಲಿ ಯಾರು, ಏನು, ಯಾಕಿರಬಹುದು ಮೂರೂ ಇವೆ.

ನಿಮ್ಮ ಅಭಿಪ್ರಾಯಕ್ಕೆ ಅಡ್ಡ ಬರುವ ಸಂಗತಿ ಕಂಡರಂತೂ ಅಲ್ಲೇ ನಿಂತು ಬರೆಯಿರಿ. ಚಾರ್ಲ್ಸ್ ಡಾರ್ವಿನ್ ಇದನ್ನು ನಿಯಮವನ್ನಾಗಿಯೇ ಇಟ್ಟುಕೊಂಡಿದ್ದರು. ತಮ್ಮ ತೀರ್ಮಾನಕ್ಕೆ ಹೊಂದದ ಸಂಗತಿಗಳು ಹೊಂದುವಂಥವಕ್ಕಿಂತ ಬೇಗ ಮರೆತುಹೋಗುತ್ತವೆ ಎಂಬುದು ಅವರ ಅನುಭವ.

ಹತ್ತು ಉತ್ತರ

ಪುಸ್ತಕದಿಂದ ಒಂದು ಪ್ರಶ್ನೆ ಆರಿಸಿ, ಹತ್ತು ನಿಮಿಷಕ್ಕೆ ಟೈಮರ್ ಇಟ್ಟು, ಹತ್ತು ಉತ್ತರ ಬರೆಯಿರಿ. ಹೊಡೆದುಹಾಕುವಂತಿಲ್ಲ, ‘ಇದು ಆಗದ ಮಾತು’ ಎಂದು ತಡೆಯುವಂತಿಲ್ಲ. ಬರೆಯುವ ಕೆಲಸ ಬೇರೆ, ತೂಗುವ ಕೆಲಸ ಬೇರೆ. ಎರಡನ್ನೂ ಒಟ್ಟಿಗೆ ಮಾಡಹೋದರೆ ಮೂರನೆಯ ಸಾಲಿಗೇ ಪೆನ್ನು ನಿಲ್ಲುತ್ತದೆ.

ಉದಾಹರಣೆಗೆ, ಮನೆಯಿಂದ ಹೊರಡುವಾಗ ಕೊಡೆ ಮರೆತುಹೋಗುತ್ತದೆ, ಏನು ಮಾಡುವುದು? ಬಾಗಿಲ ಹತ್ತಿರ ಇಡುವುದು, ಮೊಬೈಲ್‌ನಲ್ಲಿ ಅಲಾರಂ, ಬಾಗಿಲಿಗೆ ಚೀಟಿ, ಕೆಲಸದ ಜಾಗದಲ್ಲೊಂದು ಹೆಚ್ಚುವರಿ ಕೊಡೆ. ನಾಲ್ಕು ಸಲೀಸಾಗಿ ಬಂದವು, ಯಾರಿಗಾದರೂ ಬರುವಂಥವೇ. ಇಲ್ಲಿಂದ ಮುಂದೆ ತಲೆ ಖಾಲಿ. ಹೆಚ್ಚಿನವರು ಎದ್ದುಹೋಗುವುದು ಇದೇ ಜಾಗದಿಂದ, ಮುಂದೆ ಬರುವುದೆಲ್ಲ ಕಳಪೆ ಎಂದುಕೊಂಡು. ಅದು ತಪ್ಪು ಅಂದಾಜು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು: ಹೊತ್ತು ಕಳೆದಂತೆ ಸೃಜನಶೀಲತೆ ಕುಗ್ಗುತ್ತದೆ ಎಂದು ಜನ ನಂಬುತ್ತಾರೆ, ವಾಸ್ತವದಲ್ಲಿ ಅದು ಹಾಗೇ ಉಳಿಯುತ್ತದೆ, ಇಲ್ಲವೇ ಹೆಚ್ಚುತ್ತದೆ.

ಖಾಲಿಯಾದ ಆ ಗಳಿಗೆಗೆ ಒಂದು ಉಪಾಯವಿದೆ: ವಸ್ತುವಿನ ಹೆಸರನ್ನು ಬಿಟ್ಟು, ಅದು ಏನೇನು ಸೇರಿ ಆಗಿದೆ ಎಂದು ಬರೆಯುವುದು. ಕೊಡೆ ಅಂದರೆ ಉದ್ದನೆಯ ಕೋಲು, ಬಾಗಿದ ಹಿಡಿ, ನೀರು ಹೀರದ ಬಟ್ಟೆ, ತೆಳು ಕಡ್ಡಿಗಳು. ‘ಬಾಗಿದ ಹಿಡಿ’ ಎಂದು ಬರೆದಾಗ ಐದನೆಯದು ಸಿಗುತ್ತದೆ: ಬಾಗಿಲ ಚಿಲಕಕ್ಕೇ ನೇತುಹಾಕಿದರೆ ಅದನ್ನು ತೆಗೆಯದೆ ಹೊರಗೆ ಹೋಗುವಂತಿಲ್ಲ. ಆರನೆಯದು, ಕೊಡೆಗೆ ಬೀಗದ ಕೈ ಕಟ್ಟುವುದು. ಏಳೆಂಟು ಪೆದ್ದುಪೆದ್ದಾಗಿ ಬರಲಿ, ಚಿಂತೆಯಿಲ್ಲ. ಒಂಬತ್ತರ ಹೊತ್ತಿಗೆ ಪ್ರಶ್ನೆಯೇ ಹೊರಳುತ್ತದೆ: ನೆನಪಿಡುವುದು ಹೇಗೆ ಎನ್ನುವ ಬದಲು, ಮರೆತರೂ ನೆನೆಯದಿರುವುದು ಹೇಗೆ? ಮಡಚುವ ರೇನ್‌ಕೋಟ್ ಸದಾ ಬ್ಯಾಗಿನ ತಳದಲ್ಲಿದ್ದರೆ ಆಯಿತು.

ಈ ಉಪಾಯ ಕೆಲಸ ಮಾಡುವುದಕ್ಕೆ ಕಾರಣವಿದೆ. ಕಾರ್ಲ್ ಡುಂಕರ್ ಎಂಬ ಮನೋವಿಜ್ಞಾನಿ ಮೇಣದಬತ್ತಿ, ಬೆಂಕಿಕಡ್ಡಿ, ಒಂದು ಡಬ್ಬಿ ತುಂಬ ಮೊಳೆ ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಎಂದು ಕೇಳುತ್ತಿದ್ದರು. ಡಬ್ಬಿಯನ್ನೇ ಗೋಡೆಗೆ ಹೊಡೆದು ಅದರ ಮೇಲೆ ಬತ್ತಿ ಇಡುವುದು ಉತ್ತರ. ಡಬ್ಬಿಯ ತುಂಬ ಮೊಳೆ ಇದ್ದಾಗ ಬಹಳ ಮಂದಿಗೆ ಅದು ಹೊಳೆಯಲಿಲ್ಲ. ಖಾಲಿ ಡಬ್ಬಿ ಕೊಟ್ಟಾಗ ಸುಲಭವಾಗಿ ಹೊಳೆಯಿತು. ಮೊಳೆ ತುಂಬಿರುವಷ್ಟು ಹೊತ್ತು ಡಬ್ಬಿ ‘ಮೊಳೆ ಇಡುವ ಜಾಗ’ ಮಾತ್ರ.

ಇದನ್ನು ಗೆಳೆಯರ ಗುಂಪಿನಲ್ಲಿ ಮಾಡುವುದಾದರೆ ಮೊದಲು ಒಬ್ಬೊಬ್ಬರೂ ಬೇರೆಬೇರೆ ಕೂತು ಬರೆಯಿರಿ, ಆಮೇಲೆ ಒಟ್ಟು ಮಾಡಿ. ಗುಂಪಾಗಿ ಕೂಗಿ ಹೇಳುವವರಿಗಿಂತ, ಅಷ್ಟೇ ಜನ ಒಂಟಿಯಾಗಿ ಬರೆದು ಕೂಡಿಸಿದಾಗ ಹೆಚ್ಚು ವಿಚಾರ ಸಿಗುತ್ತದೆ ಎಂಬುದು 1958ರ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲೇ ಕಂಡುಬಂದಿತ್ತು. ಕಚೇರಿಗಳಿಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ.

ನಡಿಗೆ, ನಿದ್ದೆ

ಬರೆಯಲು ಕೂರುವ ಮುಂಚೆ ಹತ್ತು ನಿಮಿಷ ನಡೆಯಿರಿ, ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ. 2014ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ನಡೆಯುವಾಗ ಹೊಸ ವಿಚಾರಗಳು ಸರಾಸರಿ ಶೇ. 60ರಷ್ಟು ಹೆಚ್ಚಿದವು, ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಅದರ ಪ್ರಭಾವ ಉಳಿಯಿತು. ಆದರೆ ಒಂದೇ ಸರಿಯುತ್ತರವಿರುವ ಸಮಸ್ಯೆಗೆ ನಡಿಗೆಯಿಂದ ಲಾಭವಾಗಲಿಲ್ಲ. ಲೆಕ್ಕ ಬಿಡಿಸುವುದಿದ್ದರೆ ಮೇಜಿನ ಮುಂದೆಯೇ ಕೂರಿ.

ನಿದ್ದೆಯ ಬಗ್ಗೆ ಒಂದು ಎಚ್ಚರಿಕೆ. ‘ಮಲಗಿ ಎದ್ದರೆ ಹೊಳೆಯುತ್ತದೆ’ ಎಂಬುದು ನಿಜ, ಆದರೆ ಮೊದಲು ಒದ್ದಾಡಿರಬೇಕು. ಗುಟ್ಟಾದ ಅಡ್ಡದಾರಿಯಿರುವ ಅಂಕಿಗಳ ಸಮಸ್ಯೆಯೊಂದನ್ನು ಕೊಟ್ಟ 2004ರ ಪ್ರಯೋಗದಲ್ಲಿ ಎಂಟು ಗಂಟೆ ಮಲಗಿ ಬಂದವರ ಪೈಕಿ ಸುಮಾರು ಶೇ. 60 ಮಂದಿ ಆ ದಾರಿ ಕಂಡರು, ಎಚ್ಚರವಿದ್ದವರಲ್ಲಿ ನಾಲ್ಕರಲ್ಲೊಬ್ಬರೂ ಕಾಣಲಿಲ್ಲ. ಮಲಗುವ ಮುಂಚೆ ಅವರೆಲ್ಲ ಆ ಸಮಸ್ಯೆಯ ಮೇಲೆ ಕೈಯಾಡಿಸಿದ್ದರು ಎಂಬುದೇ ಇಲ್ಲಿ ಮುಖ್ಯ. ಹತ್ತು ಉತ್ತರ ಬರೆದ ದಿನವೇ, ದೀಪ ಆರಿಸುವ ಮುಂಚೆ ಪ್ರಶ್ನೆಯನ್ನೊಮ್ಮೆ ಓದಿ.

ವಾರದ ಓದು

ಅರ್ಧ ಗಂಟೆ, ಪ್ರತಿವಾರ ಅದೇ ದಿನ, ಅದೇ ಹೊತ್ತು. ಬೇರೆ ಬಣ್ಣದ ಪೆನ್ನು ಹಿಡಿದು ಏಳು ದಿನದ ಪುಟಗಳನ್ನು ಓದಿ. ಮತ್ತೆ ಕುತೂಹಲ ಹುಟ್ಟಿಸಿದ್ದಕ್ಕೆ ಚುಕ್ಕಿ ಇಡಿ. ಎರಡು ಟಿಪ್ಪಣಿಗಳಿಗೆ ನಂಟು ಕಂಡರೆ ಗೆರೆ ಎಳೆಯಿರಿ. ಲಿಫ್ಟಿನ ಗುಂಡಿಗೂ ನೀವು ಕಳಿಸಿ ಉತ್ತರ ಬಾರದ ಇಮೇಲಿಗೂ ಇರುವ ನಂಟು ಇಂಥ ಓದಿನಲ್ಲೇ ಸಿಗುವುದು. ಕೊನೆಗೆ ಒಂದೇ ಒಂದನ್ನು ಆರಿಸಿ, ಮುಂದಿನ ಏಳು ದಿನದೊಳಗೆ, ಒಂದು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ಮಾಡಿನೋಡಬಹುದಾದ ಚಿಕ್ಕ ಪರೀಕ್ಷೆಯನ್ನು ಬರೆದುಕೊಳ್ಳಿ. ಮೂರು ಆರಿಸಿದವರು ಸಾಮಾನ್ಯವಾಗಿ ಒಂದನ್ನೂ ಮಾಡುವುದಿಲ್ಲ.

ತಪ್ಪುವುದು ಎಲ್ಲಿ

ಆರಂಭಶೂರತ್ವದಲ್ಲಿ. ಮೊದಲ ವಾರ ದಿನಕ್ಕೆ ಐದು ಪುಟ, ಮೂರನೆಯ ವಾರ ಸೊನ್ನೆ. ಆಗಲೇ ಇರುವ ಒಂದು ರೂಢಿಯ ಬೆನ್ನಿಗೆ ಇದನ್ನು ಕಟ್ಟಿ: ‘ಹಲ್ಲುಜ್ಜಿ ಬಂದ ಕೂಡಲೇ ಪುಸ್ತಕ ತೆರೆಯುತ್ತೇನೆ.’ ಸುಸ್ತಾದ ದಿನ ಹತ್ತರ ಬದಲು ಮೂರೇ ಉತ್ತರ ಬರೆದು ಮುಚ್ಚಿಡಿ. ಇಪ್ಪತ್ತೊಂದು ದಿನಕ್ಕೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ ನಿರಾಶರಾಗಬೇಡಿ. ಲಂಡನ್ನಿನಲ್ಲಿ 96 ಮಂದಿಯನ್ನು ಗಮನಿಸಿದ ಸಂಶೋಧಕರಿಗೆ ಸಿಕ್ಕ ಅಂಕಿ ಸರಾಸರಿ 66 ದಿನ. ವ್ಯತ್ಯಾಸ ಮಾತ್ರ 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಿರಲಿಲ್ಲ.

ಪುಸ್ತಕ ಮುಗಿದಾಗ ರಟ್ಟಿನ ಮೇಲೆ ಮೊದಲ ಮತ್ತು ಕೊನೆಯ ತಾರೀಕು ಬರೆಯಿರಿ. ಚುಕ್ಕಿ ಇದ್ದೂ ಇನ್ನೂ ಉತ್ತರ ಸಿಗದ ಪ್ರಶ್ನೆಗಳನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಕೈಯಾರೆ ನಕಲು ಮಾಡಿ. ನಕಲು ಮಾಡಲು ಬೇಸರವೆನಿಸಿದ ಪ್ರಶ್ನೆಯನ್ನು ಅಲ್ಲಿಗೇ ಬಿಡಿ.