ಚೀಟಿ ಎತ್ತಿ ಪಂಚರನ್ನು ಆರಿಸಿದ ಮೇಲೆ ನಮ್ಮ ಗ್ರೂಪ್ ದಾರಿಗೆ ಬಂತು: ನನ್ನ ಅನುಭವ

ಕಾರಟಗಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಜೊತೆಗೆ ನಾಲ್ಕು ಎಕರೆ ಭತ್ತ. ನಮ್ಮ ರೈತರ ಗ್ರೂಪಿಗೆ ಅಡ್ಮಿನ್ ಆಗಿ ಐದು ವರ್ಷದ ಹತ್ತಿರ ಆಯಿತು. ಈಗ ಸುಮಾರು 1,900 ಜನ ಇದ್ದಾರೆ. ಗಂಗಾವತಿ, ಸಿಂಧನೂರು, ಮಾನ್ವಿ, ಸಿರಗುಪ್ಪ ಕಡೆಯವರೆಲ್ಲ. ಇಷ್ಟು ದೊಡ್ಡ ಗ್ರೂಪ್ ಜಗಳ ಇಲ್ಲದೆ ನಡೆಯೋದಿಲ್ಲ ಅಂತ ಹೇಳಿದವರೇ ಈಗ "ಹೆಂಗ್ ಮಾಡಿದಿ ತಮ್ಮಾ" ಅಂತ ಕೇಳುತ್ತಾರೆ. ಮಾಡಿದ್ದು ಇಷ್ಟೇ: ವಾರಕ್ಕೆ ಐವರನ್ನು ಚೀಟಿ ಎತ್ತಿ ಆರಿಸಿ, ಯಾವ ಮೆಸೇಜು ಇರಬೇಕು, ಯಾವುದು ಹೋಗಬೇಕು ಅಂತ ತೀರ್ಮಾನಿಸುವುದನ್ನು ಅವರಿಗೆ ಬಿಟ್ಟೆ. ಅಲ್ಲಿಗೆ ಹೇಗೆ ಬಂದೆ ಅಂತ ಬರೆಯುತ್ತಿದ್ದೇನೆ. ಗ್ರೂಪ್ ನಡೆಸುವವರಿಗೆ ಬಟನ್ ಎಲ್ಲಿದೆ ಅಂತ ಹೇಳಿಕೊಡಬೇಕಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಶುರುವಾಗಿದ್ದು ವಾಟ್ಸಾಪ್‌ನಲ್ಲಿ. ದಿನಕ್ಕೆ 300 ಮೆಸೇಜು, ಅದರಲ್ಲಿ ಅರ್ಧ ಗುಡ್ ಮಾರ್ನಿಂಗ್ ಹೂವಿನ ಫೋಟೋ. ಸಾಕಾಗಿ "ಅಡ್ಮಿನ್ ಮಾತ್ರ ಬರೆಯಬಹುದು" ಅಂತ ಮಾಡಿದೆ. 20 ದಿನದಲ್ಲಿ ಗ್ರೂಪ್ ಸತ್ತೇ ಹೋಯಿತು. 2022ರ ಕೊನೆಗೆ ವಾಟ್ಸಾಪ್‌ನಲ್ಲಿ ಪೋಲ್ ಬಂದಾಗ ಖುಷಿಯಾಗಿ "ಯಾವ ಅಂಗಡಿಯ ಭತ್ತದ ರೇಟು ಸರಿಯಾಗಿದೆ" ಅಂತ ಒಂದು ಪೋಲ್ ಹಾಕಿದೆ. ಒಂಬತ್ತೇ ವೋಟು ಬಿತ್ತು. ಯಾಕೆ ಅಂತ ಆಮೇಲೆ ತಿಳಿಯಿತು. ಅದರಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತಿತ್ತು. ಗೊಬ್ಬರಕ್ಕೆ ಸಾಲ ಕೊಟ್ಟ ದಲಾಲಿ ಅಂಗಡಿ ಸಾಹುಕಾರರೂ ಅದೇ ಗ್ರೂಪಿನಲ್ಲಿ ಕೂತಿರುವಾಗ ಅವರ ರೇಟಿನ ವಿರುದ್ಧ ಯಾರು ಒತ್ತುತ್ತಾರೆ? ಅವತ್ತು ನನಗೆ ತಲೆಗೆ ಹೋಯಿತು: ಹೆಸರು ಕಾಣುವ ವೋಟು ನಮ್ಮೂರಲ್ಲಿ ವೋಟೇ ಅಲ್ಲ.

ಟೆಲಿಗ್ರಾಂಗೆ ಬಂದೆವು. ಅಲ್ಲಿ ಗುಟ್ಟಿನ ಪೋಲ್ ಇದೆ, ಸ್ಲೋ ಮೋಡ್ ಇದೆ. ಐದು ನಿಮಿಷಕ್ಕೆ ಒಂದೇ ಮೆಸೇಜು ಅಂತ ಇಟ್ಟಿದ್ದಕ್ಕೇ ಬೈಗುಳ ಅರ್ಧ ಕಡಿಮೆಯಾಯಿತು. ಇನ್ನು ಮೆಸೇಜಿಗೆ ಹೆಬ್ಬೆಟ್ಟು (ಲೈಕ್) ಎಷ್ಟು ಬಿತ್ತು ನೋಡಿ ಒಳ್ಳೆ ಉತ್ತರ ಮೇಲೆ ತರೋಣ ಅಂದುಕೊಂಡೆ. 2023ರ ಅಕ್ಟೋಬರಿನಲ್ಲಿ ಅದೂ ಕೈಕೊಟ್ಟಿತು. ಒಬ್ಬ ರೈತರು ಜಿಗಿಹುಳು ಬಿದ್ದ ಭತ್ತದ ಫೋಟೋ ಹಾಕಿದರು. ಬುಡದಲ್ಲಿ ಕಂದು ಹುಳು ಸಾಸಿವೆ ಎರಚಿದ ಹಾಗೆ ಕೂತಿತ್ತು. ಮೊದಲ ಹತ್ತು ನಿಮಿಷದಲ್ಲೇ ಒಬ್ಬರು ಒಂದು ಜೋರು ಔಷಧದ ಹೆಸರು ಹೇಳಿದರು, ಪೈರಿಥ್ರಾಯ್ಡ್ ಗುಂಪಿನದು. ಅದಕ್ಕೆ 140 ಹೆಬ್ಬೆಟ್ಟು. ಸಂಜೆ ಹೊತ್ತಿಗೆ ಮಾನ್ವಿಯ ಹಿರಿಯರೊಬ್ಬರು ಬರೆದರು, ಗದ್ದೆಯ ನೀರು ಬಸಿಯಿರಿ, ಯೂರಿಯಾ ನಿಲ್ಲಿಸಿ, ಪೈರು ಸರಿಸಿ ಓಣಿ ಮಾಡಿ, ಬುಡಕ್ಕೆ ತಾಗುವ ಹಾಗೆ ಹೊಡೆಯಿರಿ, ಆ ಗುಂಪಿನ ಔಷಧ ಹೊಡೆದರೆ ಹುಳು ತಿನ್ನುವ ಜೇಡ ಸತ್ತು ಜಿಗಿ ಇನ್ನೂ ಜಾಸ್ತಿಯಾಗುತ್ತದೆ ಅಂತ. ಒಂದಕ್ಷರ ತಪ್ಪಿಲ್ಲದ ಮಾತು. ಅದಕ್ಕೆ ಬಿದ್ದಿದ್ದು ಒಂಬತ್ತು. ಫೋಟೋ ಹಾಕಿದವರು 140 ಬಿದ್ದದ್ದನ್ನೇ ನಂಬಿ ಹೊಡೆದರು. ಎರಡೂವರೆ ಎಕರೆ ಸುಟ್ಟ ಹಾಗೆ ಒಣಗಿತು. ನಾನೇ ಹೋಗಿ ಬದುವಿನ ಮೇಲೆ ನಿಂತು ನೋಡಿದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಮೊದಲು ಬಂದ ಉತ್ತರಕ್ಕೆ ವೋಟು, ವೋಟು ಬಿದ್ದಿದ್ದಕ್ಕೆ ಮತ್ತೆ ವೋಟು, ಇಷ್ಟೇ ನಡೆಯೋದು.

ಇನ್ನೊಂದು ಕಡೆ ಔಷಧ ಅಂಗಡಿಯವರೊಬ್ಬರು ತಮ್ಮ ನೆಂಟರು, ಕೆಲಸದವರು ಅಂತ 60 ಜನರನ್ನು ಸೇರಿಸಿ ತಮ್ಮ ಮಾಲಿಗೇ ಒತ್ತಿಸುತ್ತಿದ್ದರು. ಒಂದು ಜಾಹೀರಾತಿಗೆ 500 ರೂಪಾಯಿಯಂತೆ ತಿಂಗಳಿಗೆ ಏಳು ಸಾವಿರದ ತನಕ ನನಗೂ ಅಂಥವರಿಂದಲೇ ಬರುತ್ತಿತ್ತು. ಆ ಎರಡೂವರೆ ಎಕರೆ ನೋಡಿದ ಮೇಲೆ ಜಾಹೀರಾತು ಪೂರ್ತಿ ನಿಲ್ಲಿಸಿದೆ. ಮನೆಯಲ್ಲಿ ಮಾತು ಕೇಳಬೇಕಾಯಿತು.

2024ರ ಶುರುವಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬನಿಗೆ 12,000 ಕೊಟ್ಟು ಬಾಟ್, ಅಂದರೆ ಗ್ರೂಪಿನಲ್ಲಿ ತಾನೇ ಕೆಲಸ ಮಾಡುವ ಪ್ರೋಗ್ರಾಂ, ಮಾಡಿಸಿದೆ. ಸರ್ವರ್ ಬಾಡಿಗೆ ತಿಂಗಳಿಗೆ 450 ಬೇರೆ. ಒಳ್ಳೆ ಉತ್ತರಕ್ಕೆ ಪಾಯಿಂಟು, ಪಾಯಿಂಟು ಜಾಸ್ತಿ ಇದ್ದವರ ಪಟ್ಟಿ. ಹುಡುಗ ಒಂದು ಕೆಲಸ ಚೆನ್ನಾಗಿ ಮಾಡಿದ. ರೆಡ್ಡಿಟ್ ಅನ್ನುವ ಚರ್ಚೆಯ ತಾಣದಲ್ಲಿ 2009ರಿಂದ ಇರುವ ವಿಲ್ಸನ್ ಲೆಕ್ಕ ಹಾಕಿದ. ವೋಟು ಕಡಿಮೆ ಇದ್ದರೆ ನಂಬಿಕೆಯೂ ಕಡಿಮೆ ಅಂತ ಅಂಕ ಕೊಡುವ ಲೆಕ್ಕ ಅದು. ಮೂರಕ್ಕೆ ಮೂರು ವೋಟು ಬಿದ್ದರೆ ಅಂಕ 0.44, 44ರಲ್ಲಿ 40 ಬಿದ್ದರೆ 0.79. ಹಾಗಾಗಿ ಮೂರೇ ಜನ ಒತ್ತಿದ್ದು ಮೇಲೆ ಬರೋದಿಲ್ಲ. ಲೆಕ್ಕ ಸರಿಯಾಗಿತ್ತು, ಒತ್ತುವ ಜನ ಸರಿ ಇರಲಿಲ್ಲ. ಪಾಯಿಂಟಿಗೋಸ್ಕರ ಒಬ್ಬರ ಉತ್ತರ ಇನ್ನೊಬ್ಬರು ಕದ್ದು ಹಾಕೋದು ಶುರುವಾಯಿತು.

ಆಗಸ್ಟ್ 10ರ ರಾತ್ರಿ ಎಲ್ಲ ಮುಗಿಯಿತು. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದ ರಾತ್ರಿ ಅದು. 33 ಗೇಟಿನಲ್ಲಿ ಹೋಗಿದ್ದು ಒಂದು. ನಮ್ಮ ಗ್ರೂಪಿನಲ್ಲಿ "ಡ್ಯಾಮ್ ಪೂರ್ತಿ ಒಡದೈತಿ, ಓಡ್ರಿ" ಅಂತ ಒಂದು ವಾಯ್ಸ್ ಬಂತು. ಅರ್ಧ ಗಂಟೆಯಲ್ಲಿ 200 ವೋಟು. ಬಾಟ್ ಅದನ್ನೇ ಎತ್ತಿ ಎಲ್ಲರ ತಲೆಯ ಮೇಲೆ ಪಿನ್ ಮಾಡಿಬಿಟ್ಟಿತು. ನಾನು ಮಲಗಿದ್ದೆ. ಹೊಳೆ ದಂಡೆಯ ಊರೊಂದರಲ್ಲಿ ಮುದುಕರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊರಟಿದ್ದರಂತೆ. ಒಂದು ವಾರದಲ್ಲಿ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಉಕ್ಕಿನ ತಡೆ, ಇಳಿಸಿ ನೀರು ನಿಲ್ಲಿಸಿದರು. ಅಷ್ಟರಲ್ಲಿ ನಾನು ಬಾಟನ್ನು ತೆಗೆದುಹಾಕಿದ್ದೆ.

ಆಮೇಲೆ ಎರಡು ತಿಂಗಳು ಬರೀ ಓದಿದೆ. ಸ್ಲ್ಯಾಶ್‌ಡಾಟ್ ಅಂತ ಹಳೇ ತಾಣವೊಂದಿದೆ, 1997ರದ್ದು. ಅಲ್ಲಿ ಎಲ್ಲರಿಗೂ ವೋಟಿಲ್ಲ. ದಿನವೂ ಓದುವವರಲ್ಲಿ ಕೆಲವರನ್ನು ಸುಮ್ನೆ ಆರಿಸಿ ಕೈಗೆ ಒಂದಿಷ್ಟು ಪಾಯಿಂಟು ಕೊಡುತ್ತಾರೆ, ಕೆಲವೇ ದಿನ. ಯಾವ ಚರ್ಚೆಯಲ್ಲಿ ನೀವು ಮಾತಾಡಿದ್ದೀರೋ ಅದಕ್ಕೆ ನೀವು ತೀರ್ಪು ಕೊಡುವ ಹಾಗಿಲ್ಲ. ಓದಿದ ಕೂಡಲೇ ಅನ್ನಿಸಿತು, ಇದು ನಮ್ಮ ಕಟ್ಟೆಯ ಪಂಚರೇ ಅಲ್ವಾ! ಬೀಗರ ಜಗಳಕ್ಕೆ ಬೀಗರನ್ನೇ ಪಂಚರಾಗಿ ಕೂರಿಸುತ್ತೇವಾ?

ನವೆಂಬರಿನಲ್ಲಿ, ಕೊಯ್ಲು ನಡೆಯುತ್ತಿರುವಾಗಲೇ ಶುರು ಮಾಡಿದೆ. ಸೋಮವಾರ ರಾತ್ರಿ ಒಂಬತ್ತಕ್ಕೆ ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬಿಯಿಂದ ಐದು ಚೀಟಿ. ಮೂರು ತಿಂಗಳು ಗ್ರೂಪಿನಲ್ಲಿದ್ದು ಹತ್ತು ಸಲವಾದರೂ ಉಪಯೋಗದ ಮಾತಾಡಿದವರ ನಂಬರು ಮಾತ್ರ ಡಬ್ಬಿಯೊಳಗೆ. ಎತ್ತುವವರು ಅವತ್ತು ಅಂಗಡಿಗೆ ಬಂದ ಯಾರೋ ಗಿರಾಕಿ, ಅದೂ ವಿಡಿಯೋದಲ್ಲಿ ಎಲ್ಲರಿಗೂ ಕಾಣುವ ಹಾಗೆ. ಯಾವ ನಂಬರು ಯಾರದು ಅನ್ನುವ ಪಟ್ಟಿಯನ್ನು ಮೊದಲೇ ಲಕೋಟೆಗೆ ಹಾಕಿ ಅಂಟಿಸಿ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಕೊಟ್ಟಿರುತ್ತೇನೆ. ಮುಂದಿನ ಸೋಮವಾರ ಅವರೇ ಒಡೆದು ಓದುತ್ತಾರೆ. ವಾರ ಪೂರ್ತಿ ಪಂಚರು ಯಾರು ಅಂತ ನನಗೆ ಮತ್ತು ಆ ಐವರಿಗೆ ಬಿಟ್ಟರೆ ಯಾರಿಗೂ ಗೊತ್ತಿರೋದಿಲ್ಲ. ಹಾಗಾಗಿ ಸಾಹುಕಾರರ ಫೋನೂ ಬರೋದಿಲ್ಲ.

ಒಬ್ಬೊಬ್ಬ ಪಂಚರಿಗೆ ವಾರಕ್ಕೆ ಐದು ಗುರುತು, ಅಂದರೆ ಐದು ವೋಟು. ಮೆಸೇಜು ಒಳ್ಳೆಯದಾದರೆ ಮೇಲೆ ಒತ್ತಲಿ, ಕೆಟ್ಟದ್ದಾದರೆ ಕೆಳಗೆ ಒತ್ತಲಿ. ಮೂವರು ಕೆಳಗೆ ಒತ್ತಿದರೆ ಮೆಸೇಜು ಹೋಗುತ್ತದೆ, ಕಾರಣ ಹೇಳಲೇಬೇಕು. ಮೊದಲು ಮೂರೇ ಗುರುತು ಕೊಟ್ಟಿದ್ದೆ, ಬುಧವಾರಕ್ಕೇ ಖಾಲಿಯಾಗುತ್ತಿತ್ತು. ಒಂದು ವಾರ ಲೆಕ್ಕವಿಲ್ಲದಷ್ಟು ಕೊಟ್ಟೆ. ಒಬ್ಬರು ಅಷ್ಟನ್ನೂ ತಮ್ಮ ಷಡ್ಡಕನ ಮೇಲೇ ತೀರಿಸಿಕೊಂಡರು.

ಮೊದಲ ತಿಂಗಳು ಬೈದವರೇ ಜಾಸ್ತಿ. "ಭತ್ತ ಬೆಳೆಯೋರಿಗೆ ಲಾಟರಿ ಯಾಕೋ" ಅಂದರು. 200 ಜನ ಬಿಟ್ಟು ಹೋದರು. ನಾನು ಕೈಬಿಡಲಿಲ್ಲ. ಮೊದಲು ದಿನಕ್ಕೆ 40 ಮೆಸೇಜು ಅಳಿಸುತ್ತಿದ್ದೆ, ಈಗ ವಾರಕ್ಕೆ ಏಳೆಂಟು. ಬಿಟ್ಟವರಲ್ಲಿ ಮುಕ್ಕಾಲು ಜನ ವಾಪಸ್ ಬಂದಿದ್ದಾರೆ. 2025ರ ಮಳೆಗಾಲದಲ್ಲಿ ಅದೇ ಹಳೇ "ಓಡ್ರಿ" ವಾಯ್ಸನ್ನು ಯಾರೋ ಮತ್ತೆ ಹಾಕಿದರು. ರಾತ್ರಿ ಹನ್ನೊಂದಾಗಿತ್ತು. 11 ನಿಮಿಷದಲ್ಲಿ ಮೂವರು ಪಂಚರು ಒತ್ತಿ ಇಳಿಸಿದರು. ಆದರೂ ಒಂದು ಮಾತು: ಹೊಳೆಗೆ ನೀರು ಬಿಡುವಂಥ ನಿಜವಾದ ಅಪಾಯದ ಹೊತ್ತಿಗೆ ವೋಟು ಗೀಟು ಬೇಡ. ನಾನು ಗ್ರೂಪಿಗೆ ಬೀಗ ಹಾಕಿ ಸರ್ಕಾರದ ಪ್ರಕಟಣೆ ಮಾತ್ರ ಬಿಡುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ರೇಟಿನ ಜಗಳದಲ್ಲಿ ಅರ್ಧ ಬರೀ ತೂಕದ್ದು. ನಮ್ಮಲ್ಲಿ ಮಾತಾಡೋದು 75 ಕೆ.ಜಿ. ಚೀಲದ ರೇಟು, ಹೊರಗಿನವರು ಹೇಳೋದು ಕ್ವಿಂಟಲಿನದು. ಒಬ್ಬರಿಗೆ 1,800 ಅಂದರೆ ಇನ್ನೊಬ್ಬರಿಗೆ 2,400, ಎರಡೂ ಒಂದೇ! ರೇಟು ಹಾಕುವವರು ತೂಕದ ಚೀಟಿಯ ಫೋಟೋ ಜೊತೆಗೇ ಹಾಕಬೇಕು ಅಂತ ಮಾಡಿದೆ. ಪಂಚರ ಕೆಲಸ ಅರ್ಧ ಕಡಿಮೆಯಾಯಿತು. ಕೆಳಗೆ ಒತ್ತಿದವರಿಗೂ ಒಂದು ಗುರುತು ಕಳೆಯುವ ಲೆಕ್ಕ ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರದ ತಾಣ ಸ್ಟ್ಯಾಕ್ ಓವರ್‌ಫ್ಲೋನಲ್ಲಿದೆ, ಅದನ್ನೂ ಮಾಡಿ ನೋಡಿದೆ. ನಮ್ಮವರು ಕೆಳಗೆ ಒತ್ತೋದನ್ನೇ ಬಿಟ್ಟರು, ಹಾಗಾಗಿ ತೆಗೆದೆ.

ಸುಳ್ಳು ಅಕೌಂಟುಗಳನ್ನು ಹೇಗೆ ಹಿಡಿಯುತ್ತೇನೆ ಅಂತ ಇಲ್ಲಿ ಬರೆಯೋದಿಲ್ಲ. ಬರೆದರೆ ಅದೇ 60 ಜನರನ್ನು ತಂದವರೂ ಓದುತ್ತಾರೆ. ಸೇರಿದ ಮೊದಲ ಮೂರು ದಿನ ನೋಡಿದರೆ ಸಾಕು ಅಂತ ಮಾತ್ರ ಹೇಳುತ್ತೇನೆ.

ದುಡ್ಡಿನ ಲೆಕ್ಕ: ಬಾಟು, ಸರ್ವರು, ಇದಕ್ಕೇ ಅಂತ ಕೊಂಡ ಫೋನು, ರೀಚಾರ್ಜು ಎಲ್ಲ ಸೇರಿ 38,000ದ ಹತ್ತಿರ ಹೋಗಿದೆ. ಬಿಟ್ಟ ಜಾಹೀರಾತಿನ ದುಡ್ಡು ಇದರಲ್ಲಿ ಸೇರಿಲ್ಲ. ಈಗ ಖರ್ಚು ಬಿಳಿ ಹಾಳೆ, ಗೋಂದು, ಲಕೋಟೆ. ಹಂಗಾಮಿಗೆ ನೂರು ರೂಪಾಯಿಯಂತೆ ನಲವತ್ತು ಜನ ತಾವಾಗಿಯೇ ಕೊಡುತ್ತಾರೆ.

ಕಳೆದ ತಿಂಗಳು ಸಿರಗುಪ್ಪದಿಂದ ಇಬ್ಬರು ಅಡ್ಮಿನ್‌ಗಳು ಬಂದು ಒಂದು ಸೋಮವಾರ ಪೂರ್ತಿ ಕೂತು ನೋಡಿದರು. ಅವತ್ತಿನ ಐದು ಚೀಟಿ ಎತ್ತಿದ್ದು ಅವರಲ್ಲೊಬ್ಬರೇ. ತಮ್ಮದು ಮೆಣಸಿನಕಾಯಿ ಬೆಳೆಗಾರರ ಗ್ರೂಪು, ಜನ ಜಾಸ್ತಿ, ಹಾಗಾಗಿ ಏಳು ಪಂಚರನ್ನು ಇಡುತ್ತೇವೆ ಅಂದರು. ಹೋಗುವಾಗ ಡಬ್ಬಿಯ ಫೋಟೋ ಹೊಡೆದುಕೊಂಡರು.